ವಾಚಿಗೇ ವಾಚ್‌ಮನ್ ಆದವರ ಕಥೆ

ಬ್ಲಾಗಿನ ಕಡೆ ತಲೆ ಹಾಕದೆ ಎರಡು ತಿಂಗಳಾಯ್ತು. ಆಫೀಸು, ಮಗಳ ಪರೀಕ್ಷೆ, ಊರಲ್ಲಿ ಅಪ್ಪನ ಕಣ್ಣಿನ ಆಪರೇಷನ್ನು... ಕಾರಣಗಳಿಗೇನು ಬರ ಇಲ್ಲ ಬಿಡಿ. ಇವತ್ತೂ ಬರೀತಿರಲಿಲ್ಲ. ಆದ್ರೆ ಮೊನ್ನೆ ಭಾನುವಾರ ಒಂದು ಗೃಹಪ್ರವೇಶದಲ್ಲಿ ಕಂಡ ದೃಶ್ಯ ಹೊಟ್ಟೆಯೊಳಗೆ ಕೂತು ಕುದೀತಾ ಇದೆ. ಸ್ವಲ್ಪ ಉದ್ದ ಆಗಬಹುದು, ಒಂದು ಲೋಟ ಕಾಫಿ ಮಾಡ್ಕೊಂಡು ಬಂದು ಕೂತ್ಕೊಳ್ಳಿ :-)

ದೃಶ್ಯ ಇಷ್ಟೇ. ಬಾಳೆಎಲೆ ಊಟ ಮುಗೀತು. ಎಲ್ಲರೂ ಕೈ ತೊಳೆಯೋಕೆ ಎದ್ದರು. ಮನೆ ಯಜಮಾನ, ಅಂದ್ರೆ ನನ್ನ ಹಳೇ ಸಹೋದ್ಯೋಗಿ (ಹೆಸರು ಬೇಡ, ಅವನೂ ಈ ಬ್ಲಾಗ್ ಓದ್ತಾನೆ), ನಲ್ಲಿ ಹತ್ತಿರ ನಿಂತು ಎಡಗೈ ಮುಂದೆ ಚಾಚಿ ಹೆಂಡತಿಯನ್ನ ಕರೆದ. ಆಕೆ ಬಂದು ಅವನ ಮಣಿಕಟ್ಟಿನಿಂದ ವಾಚು ಬಿಚ್ಚಿ ಸೆರಗಿನ ಮರೆಯಲ್ಲಿ ಹಿಡ್ಕೊಂಡರು. ಆಮೇಲೆ ಇವನು ಕೈ ತೊಳೆದ. ಆ ವಾಚು ಒಮೆಗಾ ಸೀಮಾಸ್ಟರ್. 300 ಮೀಟರ್ ಆಳದ ನೀರಿನ ಒತ್ತಡ ತಡೆಯುತ್ತೆ ಅಂತ ಅದರ ಮೇಲೇ ಬರೆದಿದೆ. ಪಾಪ, ಸಿಂಕಿನ ನಲ್ಲಿಗೆ ಹೆದರಿ ಸೆರಗಿನೊಳಗೆ ಅಡಗಿ ಕೂತಿತ್ತು.

ನಾನು ನಕ್ಕೆ. ಅವನು ನಗಲಿಲ್ಲ. "ಬಾ ಮೇಲೆ, ಕಲೆಕ್ಷನ್ ತೋರಿಸ್ತೀನಿ" ಅಂತ ಕರ್ಕೊಂಡು ಹೋದ. ಹೊಸ ಮನೆಯ ದೇವರ ಕೋಣೆಗಿಂತ ಚೆನ್ನಾಗಿ ಮಾಡಿಸಿದ ಒಂದು ಬೀರು. ಅದರೊಳಗೆ ಆರು ವಾಚುಗಳು, ಆರೂ ಡೈವ್ ವಾಚುಗಳೇ. ಎರಡು ಒಂದು ಪೆಟ್ಟಿಗೆಯೊಳಗೆ ತಮ್ಮಷ್ಟಕ್ಕೆ ಗಿರಗಿರ ತಿರುಗ್ತಾ ಇದ್ವು, ಕೈಗೆ ಕಟ್ಟದಿದ್ರೂ ನಿಲ್ಲಬಾರದು ಅಂತ. ಒಂದರ ಬೆನ್ನಿಗೆ ಕಂಪನಿಯವರು ಅಂಟಿಸಿದ ಪ್ಲಾಸ್ಟಿಕ್ ಸ್ಟಿಕ್ಕರು ಇನ್ನೂ ಹಾಗೇ ಇತ್ತು. ಆರರಲ್ಲಿ ಒಂದಕ್ಕೂ ಅದರ ಸ್ವಂತ ಸ್ಟೀಲ್ ಚೈನ್ ಇರಲಿಲ್ಲ. ಚೈನುಗಳೆಲ್ಲ ಬಬಲ್ ಹಾಳೆಯಲ್ಲಿ ಸುತ್ತಿಸಿಕೊಂಡು, ಮೇಲೆ ಚೀಟಿ ಅಂಟಿಸಿಕೊಂಡು ಬೇರೆ ಡ್ರಾಯರಿನಲ್ಲಿ ಮಲಗಿದ್ವು.

"ಚೈನ್ ಯಾಕೋ ಹಾಕಿಲ್ಲ?"

"ಗೀರು ಬೀಳುತ್ತೆ ಮಾರಾಯ. ಆಮೇಲೆ ರೀಸೇಲ್ ಹೋಯ್ತು."

"ಮಾರ್ತೀಯಾ ಹಾಗಾದ್ರೆ?"

"ಛೇ, ಇಲ್ಲಪ್ಪ. ಮಾರೋದಾ ಇದನ್ನ?"

ಈ ಎರಡು ಮಾತನ್ನೂ ಒಂದೇ ಉಸಿರಿನಲ್ಲಿ ಹೇಳಿದ. ಅವನಿಗೆ ಅದರಲ್ಲಿ ಏನೂ ವಿಚಿತ್ರ ಕಾಣಲಿಲ್ಲ. ಯಾರೋ ಒಬ್ಬ, ಇನ್ನೂ ಹುಟ್ಟಿದ್ದಾನೋ ಇಲ್ವೋ ಗೊತ್ತಿಲ್ಲ, ಮುಂದೊಂದು ದಿನ ಬಂದು ಈ ವಾಚನ್ನ ಕೊಳ್ತಾನಂತೆ. ಅವನಿಗೋಸ್ಕರ ಇವನು ಈಗಿಂದಲೇ ಕಾವಲು. ಸಂಬಳವಿಲ್ಲದ ವಾಚ್‌ಮನ್. ಅದೂ ತನ್ನ ದುಡ್ಡು ಹಾಕಿ, ತನ್ನ ಮನೆ ಬೀರುವಿನಲ್ಲಿ.

ಇನ್ನೊಂದು ಡ್ರಾಯರ್ ಎಳೆದ ನೋಡಿ... ಬೆಲ್ಟುಗಳು! ನಲವತ್ತಕ್ಕೆ ಕಮ್ಮಿ ಇಲ್ಲ. ಸೀರೆ ಅಂಗಡಿಯ ಥರ ಬಣ್ಣಬಣ್ಣವಾಗಿ ಜೋಡಿಸಿದ್ದಾನೆ. ಆಫೀಸಿಗೆ ಕಂದು ಚರ್ಮ, ಮದುವೆಗೆ ಮೊಸಳೆ ಚರ್ಮ, ಭಾನುವಾರಕ್ಕೆ ಪಟ್ಟೆ ಪಟ್ಟೆ ನೈಲಾನು, ದೀಪಾವಳಿಗೆ ಅರಿಶಿನ ಬಣ್ಣದ ರಬ್ಬರು. ಕೆಲವಕ್ಕೆ ಇಪ್ಪತ್ತು ಸಾವಿರ ಕೊಟ್ಟಿದ್ದಾನಂತೆ. "ವಾಚು ಬದಲಾಯಿಸೋಕಿಂತ ಬೆಲ್ಟು ಬದಲಾಯಿಸಿದ್ರೆ ಹೊಸ ವಾಚೇ ಬಂದಂಗಾಗುತ್ತೆ, ಉಳಿತಾಯ ಅಲ್ವಾ" ಅಂದ. ನಲವತ್ತು ಬೆಲ್ಟಿನ ಉಳಿತಾಯ!

ಇವನನ್ನ ಬೈಯೋಕೆ ಕೂತಿದೀನಿ ಅಂದ್ಕೋಬೇಡಿ. ನಾನೂ ಇದೇ ರೋಗದಲ್ಲಿ ಮೂರ್ನಾಲ್ಕು ವರ್ಷ ಮಲಗಿ ಎದ್ದವನು. ಅದನ್ನ ಆಮೇಲೆ ಹೇಳ್ತೀನಿ, ಮರ್ಯಾದೆ ಹೋಗೋ ವಿಷಯ, ಸ್ವಲ್ಪ ಧೈರ್ಯ ಬರಲಿ.

ಮೊದಲು ಈ ಡೈವ್ ವಾಚು ಅನ್ನೋದು ಎಲ್ಲಿಂದ ಬಂತು ಅಂತ ಹೇಳಿಬಿಡ್ತೀನಿ. ಇದು ಆಭರಣವಾಗಿ ಹುಟ್ಟಿದ್ದಲ್ಲ. ಬ್ಲಾಂಪ್ಯಾ ಕಂಪನಿಯ ಯಜಮಾನ ಜ್ಯಾಂ-ಜಾಕ್ ಫಿಯೆಷ್ಟರ್ ಸ್ವತಃ ಮುಳುಗುಗಾರ. ಒಮ್ಮೆ ನೀರೊಳಗೆ ಹೊತ್ತಿನ ಲೆಕ್ಕ ತಪ್ಪಿ ಸಿಲಿಂಡರಿನ ಗಾಳಿ ಮುಗಿದು ಗಾಬರಿ ಬಿದ್ದ ಅನುಭವ ಆತನಿಗಿತ್ತು. ಅದೇ ಹೊತ್ತಿಗೆ ಫ್ರೆಂಚ್ ನೌಕಾಪಡೆಯ ಕಾದಾಟದ ಈಜುಗಾರರಿಗೆ, ಬಾಬ್ ಮಾಲೂಬಿಯೇ ಮತ್ತು ಕ್ಲೋದ್ ರಿಫೋ ಅನ್ನೋ ಇಬ್ಬರು ಅಧಿಕಾರಿಗಳ ತಂಡಕ್ಕೆ, ಕತ್ತಲ ನೀರಲ್ಲಿ ಕಾಣೋ ಒಂದು ವಾಚು ಬೇಕಾಗಿತ್ತು. 1953ರಲ್ಲಿ ಬಂತು 'ಫಿಫ್ಟಿ ಫ್ಯಾದಮ್ಸ್'. ಐವತ್ತು ಫ್ಯಾದಮ್ ಅಂದ್ರೆ ಸುಮಾರು 91 ಮೀಟರ್, ಆ ಕಾಲದ ಮುಳುಗುಗಾರನಿಗೆ ಅದೇ ಕಡೆಯ ಗಡಿ ಅಂತ ಲೆಕ್ಕ. ರೋಲೆಕ್ಸಿನ ಸಬ್‌ಮರೀನರ್ ಕೂಡ ಅದೇ ವರ್ಷದ್ದು. ಸುತ್ತ ತಿರುಗೋ ಬಳೆ ಇದೆಯಲ್ಲ, ಅದೇ ಇದರ ಜೀವ. ನೀರಿಗಿಳಿಯುವಾಗ ಬಳೆಯ ಗುರುತನ್ನ ನಿಮಿಷದ ಮುಳ್ಳಿಗೆ ಸೇರಿಸಿದ್ರೆ, ಎಷ್ಟು ನಿಮಿಷ ಆಯ್ತು ಅಂತ ಒಂದೇ ನೋಟಕ್ಕೆ ಗೊತ್ತಾಗುತ್ತೆ. ಈಗಿನ ಡೈವ್ ವಾಚುಗಳಲ್ಲಿ ಬಳೆ ಒಂದೇ ಕಡೆಗೆ ತಿರುಗುತ್ತೆ. ಕೈ ತಾಗಿ ಅಕಸ್ಮಾತ್ ತಿರುಗಿದ್ರೂ ಕಳೆದ ಹೊತ್ತು ಜಾಸ್ತಿ ತೋರಿಸುತ್ತೆ, ಕಮ್ಮಿ ತೋರಿಸಲ್ಲ. ತಪ್ಪಿದ್ರೂ ನಿಮ್ಮನ್ನ ಬೇಗ ಮೇಲೆ ಕಳಿಸೋ ಕಡೆಗೇ ತಪ್ಪುತ್ತೆ. ಎಷ್ಟು ಚಂದದ ಬುದ್ಧಿ ನೋಡಿ!

ನನ್ನ ಗೆಳೆಯನ ಸೀಮಾಸ್ಟರಿಗೆ ಹತ್ತು ಗಂಟೆ ಜಾಗದಲ್ಲಿ ಇನ್ನೊಂದು ತಿರುಪು ಇದೆ. ಹೀಲಿಯಂ ಹೊರಬಿಡೋ ಕವಾಟ. ದಿನಗಟ್ಟಲೆ ಒತ್ತಡದ ಕೋಣೆಯಲ್ಲಿ ಹೀಲಿಯಂ ಬೆರೆತ ಗಾಳಿ ಉಸಿರಾಡಿಕೊಂಡು ಸಮುದ್ರದಡಿ ಕೆಲಸ ಮಾಡುವವರು ಇರ್ತಾರಲ್ಲ, ಅವರ ವಾಚಿನೊಳಗೆ ಹೀಲಿಯಂ ನುಸುಳುತ್ತೆ. ಒತ್ತಡ ಇಳಿಸುವಾಗ ಅದು ಹೊರಗೆ ಹೋಗೋಕೆ ದಾರಿ ಸಿಗದೆ ಗಾಜನ್ನೇ ಕಿತ್ತು ಹಾಕಬಹುದು. ಅದಕ್ಕೆ ಈ ಕವಾಟ. 1967ರ ರೋಲೆಕ್ಸ್ ಸೀ-ಡ್ವೆಲ್ಲರ್ ಕಾಲದಿಂದ ಇದೆ. ನಮ್ಮವನು ಇದನ್ನ ಕಟ್ಟಿಕೊಂಡು ಹೋಗೋ ಅತ್ಯಂತ ಅಪಾಯದ ಜಾಗ ಅಂದ್ರೆ ಸಿಲ್ಕ್ ಬೋರ್ಡ್ ಜಂಕ್ಷನ್. ಅಲ್ಲಿ ಗಾಳೀಲಿ ಏನೇನೋ ಇರುತ್ತೆ, ಹೀಲಿಯಂ ಮಾತ್ರ ಇರಲ್ಲ :-)

"ಈಗ ಯಾರು ವಾಚ್ ನೋಡಿ ಮುಳುಗ್ತಾರೆ? ಡೈವ್ ಕಂಪ್ಯೂಟರ್ ಇದೆಯಲ್ಲ" ಅಂತೀರಾ? ಒಪ್ಪಿದೆ. ನನ್ನ ಬಲಗೈಲೂ ಅದೇ ಇರೋದು. 1980ರ ದಶಕದಲ್ಲಿ ಬಂದ ಆ ಯಂತ್ರ ಈ ವಾಚುಗಳ ಮುಖ್ಯ ಕೆಲಸವನ್ನ ಕಿತ್ಕೊಂಡಿತು. ಹಾಗಂತ ಎಡಗೈಯ ವಾಚು ಸುಮ್ಮನೆ ಇರಬೇಕಾ? ನಮ್ಮ ಮನೇಲಿ ಕುಕ್ಕರ್ ಸೀಟಿ ಆದ ಮೇಲೆ ಐದು ನಿಮಿಷ ಸಣ್ಣ ಉರೀಲಿಡೋಕೂ ನಾನು ಬಳೆ ತಿರುಗಿಸ್ತೀನಿ. ಪಾರ್ಕಿಂಗಿಗೆ, ಮಗಳ ಟಿವಿ ಟೈಮಿಗೆ, ಎಲ್ಲಕ್ಕೂ. ಕೆಲಸ ಸಣ್ಣದಾದ್ರೂ ಕೆಲಸ. ನನ್ನ ತಕರಾರು ಮುಳುಗದವರ ಮೇಲಲ್ಲ. ಸಮುದ್ರಕ್ಕೆ ಹೋಗದೇ ಇದ್ರೆ ಬೇಡ. ನಲ್ಲಿ ನೀರಿಗೆ ಹೆದರಬೇಡಿ, ಅಷ್ಟೇ. ಹಾಂ, ನಲವತ್ತು ಐವತ್ತು ವರ್ಷದ ಹಳೇ ವಾಚಿನ ವಿಷಯ ಬೇರೆ, ಅದರ ವಾಷರುಗಳು ಒಣಗಿ ಬಿರುಕು ಬಿಟ್ಟಿರುತ್ತೆ, ಒತ್ತಡದ ಪರೀಕ್ಷೆ ಮಾಡಿಸದೆ ನೀರು ಮುಟ್ಟಿಸಬಾರದು. ಅದನ್ನ ನೆಪ ಮಾಡ್ಕೊಂಡು ಹೋದ ವರ್ಷದ ವಾಚನ್ನ ಸೆರಗಿನಲ್ಲಿ ಮುಚ್ಚಿಡೋದು ನಾಟಕ.

ಈಗ ಬೆಲ್ಟಿನ ವಿಷಯಕ್ಕೆ ಬರೋಣ. ನನಗೆ ನಿಜವಾಗಿ ಸಿಟ್ಟು ಬರೋದೇ ಇಲ್ಲಿ.

ಈ ಕಲೆಕ್ಟರ್ ಮಹಾಶಯರು ವಾಚಿನೊಳಗಿನ ಯಂತ್ರದ ಬಗ್ಗೆ ಗಂಟೆಗಟ್ಟಲೆ ಮಾತಾಡ್ತಾರೆ. ದಿನಕ್ಕೆ ಎರಡು ಸೆಕೆಂಡು ಮುಂದೆ ಹೋಗುತ್ತೋ ಮೂರು ಸೆಕೆಂಡೋ ಅಂತ ಜಗಳ ಆಡ್ತಾರೆ. ಆದ್ರೆ ಆ ವಾಚನ್ನ ಕೈಯಲ್ಲಿ ಹಿಡಿದಿಟ್ಟಿರೋದು ಎರಡು ಕಡ್ಡಿಪಿನ್ನು. ಅವುಗಳ ಒಳಗೊಂದು ಸಣ್ಣ ಸ್ಪ್ರಿಂಗು. ಅಷ್ಟೇ. ಲಕ್ಷಗಟ್ಟಲೆ ಬೆಲೆಯ ವಾಚು ನಿಂತಿರೋದು ಹತ್ತಿಪ್ಪತ್ತು ರೂಪಾಯಿಯ ಎರಡು ಪಿನ್ನಿನ ಮೇಲೆ. ಆ ಪಿನ್ನಿನ ಬಗ್ಗೆ ಒಬ್ಬನಾದ್ರೂ ಮಾತಾಡಿದ್ದು ನೋಡಿಲ್ಲ. ಬೆಲ್ಟಿನ ಬಗ್ಗೆ ಮಾತು ಬಂದ್ರೆ ಬಣ್ಣ, ಹೊಲಿಗೆ, ಡಯಲಿಗೆ ಮ್ಯಾಚಿಂಗು... ಬ್ಲೌಸ್ ಪೀಸ್ ಆರಿಸೋ ಥರ.

ಡೈವ್ ವಾಚಿಗೆ ಐಎಸ್‌ಒ 6425 ಅಂತ ಒಂದು ಅಂತಾರಾಷ್ಟ್ರೀಯ ಮಾನದಂಡ ಇದೆ. ಕನಿಷ್ಠ 100 ಮೀಟರ್ ತಡೀಬೇಕು, ಬರೆದ ಆಳಕ್ಕಿಂತ ಕಾಲು ಭಾಗ ಹೆಚ್ಚು ಒತ್ತಡದಲ್ಲಿ ಪರೀಕ್ಷೆ ಆಗಬೇಕು, ಕತ್ತಲಲ್ಲಿ 25 ಸೆಂಟಿಮೀಟರ್ ದೂರದಿಂದ ಕಾಣಬೇಕು, ಇವೆಲ್ಲ ಎಲ್ಲರಿಗೂ ಗೊತ್ತು. ಅದರಲ್ಲೇ ಬೆಲ್ಟಿನ ಪಿನ್ನಿಗೂ ಒಂದು ಪರೀಕ್ಷೆ ಇದೆ: ಸೇರುವ ಜಾಗಗಳನ್ನ ಒಂದೊಂದಾಗಿ 200 ನ್ಯೂಟನ್ ಬಲದಲ್ಲಿ ಎಳೀತಾರೆ. ನಮ್ಮ ಭಾಷೇಲಿ ಹೇಳೋದಾದ್ರೆ ಇಪ್ಪತ್ತು ಕೆಜಿ ಅಕ್ಕಿ ಮೂಟೆ ನೇತು ಹಾಕಿದಷ್ಟು. ಕಿತ್ತು ಬರಬಾರದು. ಮಾನದಂಡ ಬರೆದವರಿಗೆ ಗೊತ್ತಿತ್ತು, ಬೆಲ್ಟು ವಾಚಿನ ಅಲಂಕಾರ ಅಲ್ಲ, ವಾಚಿನದೇ ಒಂದು ಭಾಗ ಅಂತ. ನಾವೇನು ಮಾಡ್ತೀವಿ? ಆ ಪರೀಕ್ಷೆ ಪಾಸಾದ ಚೈನು ಬಿಚ್ಚಿ ಬಬಲ್ ಹಾಳೇಲಿ ಸುತ್ತಿ, ಅದರ ಜಾಗಕ್ಕೆ ಫೋಟೋಗೆ ಚೆನ್ನಾಗಿ ಕಾಣೋ ಯಾವುದೋ ಚರ್ಮ ಹಾಕ್ತೀವಿ. ಚರ್ಮ! ಉಪ್ಪುನೀರಿಗೆ ಹೋದ್ರೆ ಒಂದು ವಾರಕ್ಕೆ ಹಪ್ಪಳ ಆಗೋ ಚರ್ಮ. ಮುಳುಗೋ ವಾಚಿಗೆ ಮೊಸಳೆ ಚರ್ಮ ಹಾಕೋದು ಅಂದ್ರೆ... ಮೊಸಳೆ ಬದುಕಿದ್ದಾಗ ನೀರಲ್ಲಿತ್ತು ನಿಜ, ಆದ್ರೆ ಅದನ್ನ ಆಗ ಹದ ಮಾಡಿರಲಿಲ್ಲ.

ನಿಜವಾಗಿ ಬಳಸಿದವರು ಬೆಲ್ಟಿನ ಬಗ್ಗೆ ಎಷ್ಟು ತಲೆ ಕೆಡಿಸ್ಕೊಂಡಿದ್ರು ಅನ್ನೋದಕ್ಕೆ ನನಗೆ ತುಂಬಾ ಇಷ್ಟವಾದ ಕಥೆ ಸೀಕೋದ್ದು. 1968ರಲ್ಲಿ ಹಿರೋಶಿಮಾ ಕಡೆಯ ಕುರೆ ಅನ್ನೋ ಊರಿನ ಒಬ್ಬ ಮುಳುಗುಗಾರ ಕಂಪನಿಗೆ ಪತ್ರ ಬರೆದ: ನಾವು ಕೆಲಸ ಮಾಡೋ ಆಳಕ್ಕೆ ನಿಮ್ಮ ವಾಚು ತಾಳೋದಿಲ್ಲ ಅಂತ. ಕಂಪನಿ ಆ ಪತ್ರವನ್ನ ಕಸದಬುಟ್ಟಿಗೆ ಹಾಕಲಿಲ್ಲ. ಇಕುವೊ ತೊಕುನಾಗಾ ಅನ್ನೋ ಎಂಜಿನಿಯರ್ ಅದರ ಹಿಂದೆ ಬಿದ್ದ. ಏಳು ವರ್ಷ! 1975ರಲ್ಲಿ ಬಂತು ಟೈಟಾನಿಯಂ ಕವಚದ, 600 ಮೀಟರಿನ ವಾಚು. ನೋಡೋಕೆ ಡಬ್ಬಿ ಥರ ಇದೆ ಅಂತ ಜನ ಅದಕ್ಕೆ ಟ್ಯೂನಾ ಡಬ್ಬಿ ಅಂತಲೇ ಹೆಸರಿಟ್ಟರು. ಆ ವಾಚಿನ ಬೆಲ್ಟಿನಲ್ಲಿ ಹಾರ್ಮೋನಿಯಂ ತಿದಿಯ ಥರ ಮಡಿಕೆ ಮಡಿಕೆ ಇದೆ. ಎಷ್ಟೋ ಜನ ಅದನ್ನ ಡಿಸೈನು ಅಂದ್ಕೊಂಡಿದ್ದಾರೆ. ಅಲ್ಲ ಸ್ವಾಮಿ. ಮುಳುಗುವವರು ಹಾಕೋ ರಬ್ಬರ್ ಅಂಗಿಯೊಳಗೆ ಸಣ್ಣ ಸಣ್ಣ ಗಾಳಿಗುಳ್ಳೆಗಳಿರುತ್ತೆ. ಪ್ರತಿ ಹತ್ತು ಮೀಟರಿಗೆ ಒಂದು ವಾತಾವರಣದಷ್ಟು ಒತ್ತಡ ಏರುತ್ತೆ, ಅಂದ್ರೆ ಮೂವತ್ತು ಮೀಟರಿನಲ್ಲಿ ನಾಲ್ಕು ಪಟ್ಟು. ಗುಳ್ಳೆಗಳು ಕುಗ್ಗುತ್ತವೆ, ಅಂಗಿ ತೆಳ್ಳಗಾಗುತ್ತೆ, ತೋಳಿನ ಮೇಲೆ ಬಿಗಿಯಾಗಿ ಕಟ್ಟಿದ ಬೆಲ್ಟು ಸಡಿಲಾಗಿ ವಾಚು ಬಳೆ ಥರ ಜಾರಾಡೋಕೆ ಶುರು. ಆ ಮಡಿಕೆಗಳು ದೋಣಿಯ ಮೇಲೆ ಹಿಗ್ಗಿರುತ್ತವೆ, ಆಳಕ್ಕೆ ಹೋದಂತೆ ತಾವಾಗೇ ಕುಗ್ಗಿ ಕೈಯನ್ನ ಹಿಡೀತವೆ. ಒಂದು ಬೆಲ್ಟಿನ ಸುಕ್ಕಿನೊಳಗೆ ಎಷ್ಟು ಭೌತಶಾಸ್ತ್ರ! ಸ್ವಿಸ್ ಚೈನುಗಳ ಕೊಂಡಿಯಲ್ಲಿ ಮಡಚಿಟ್ಟ ಹೆಚ್ಚುವರಿ ತುಂಡು ಇರುತ್ತಲ್ಲ, ಅದೂ ಅಂಗಿಯ ಮೇಲೆ ಕಟ್ಟೋಕೇ ಇರೋದು. ನಮ್ಮವರು ಅದನ್ನ ಶರಟಿನ ತೋಳಿನ ಮೇಲೆ ಕಟ್ಟಿ ಫೋಟೋ ತೆಗೀತಾರೆ.

ಸಿಟಿಜನ್, ಸೀಕೋಗಳ ಕೆಲವು ಹಳೇ ರಬ್ಬರ್ ಬೆಲ್ಟುಗಳ ಮೇಲೆ ಅಂಕಿಗಳು ಅಚ್ಚಾಗಿರೋದು ನೋಡಿದೀರಾ? ಯಾವ ಆಳದಲ್ಲಿ ಎಷ್ಟು ನಿಮಿಷ ಇದ್ರೆ ನಿಲ್ಲದೆ ಮೇಲೆ ಬರಬಹುದು ಅನ್ನೋ ಕೋಷ್ಟಕ ಅದು. ಬೆಲ್ಟೇ ಪುಸ್ತಕ.

ಫ್ರೆಂಚ್ ನೌಕಾಪಡೆ ಟ್ಯೂಡರ್ ವಾಚುಗಳನ್ನ ಚೈನ್ ಇಲ್ಲದೆ ತರಿಸ್ಕೊಂಡು ತಮ್ಮದೇ ಬೆಲ್ಟು ಹಾಕ್ತಿದ್ರು. ಮುಳುಗುಗಾರರು ಪ್ಯಾರಾಚೂಟಿನ ಎಲಾಸ್ಟಿಕ್ ಪಟ್ಟಿ ಕತ್ತರಿಸಿ ಹೊಲಿದುಕೊಂಡರು. ಬ್ರಿಟಿಷರು 1970ರ ದಶಕದಲ್ಲಿ ತಮ್ಮ ಸಬ್‌ಮರೀನರುಗಳಿಗೆ ಪಿನ್ನೇ ಬೇಡ ಅಂತ ಕಡ್ಡಿಗಳನ್ನ ವಾಚಿನ ಮೈಗೇ ಬೆಸುಗೆ ಹಾಕಿಸಿದರು. 2021ರಲ್ಲಿ ಟ್ಯೂಡರ್ ಕಂಪನಿ ಫ್ರೆಂಚ್ ಕಾದಾಟದ ಈಜುಗಾರರ ಜೊತೆ ಸೇರಿ ಮಾಡಿದ ಪೆಲಾಗೋಸ್ ಎಫ್‌ಎಕ್ಸ್‌ಡಿ ವಾಚಿನಲ್ಲೂ ಅದೇ, ಕಡ್ಡಿ ಕಳಚೋದೇ ಇಲ್ಲ. ಜೀವದ ಪ್ರಶ್ನೆ ಬಂದಾಗ ಎಲ್ಲರೂ ಮೊದಲು ಕಿತ್ತು ಹಾಕಿದ್ದು ಆ ಸ್ಪ್ರಿಂಗ್ ಪಿನ್ನನ್ನ.

ಆಮೇಲೆ ನೇಟೋ ಬೆಲ್ಟು. ಇದರ ಬಗ್ಗೆ ಇರೋಷ್ಟು ಸುಳ್ಳು ಬೇರೆ ಯಾವುದರ ಬಗ್ಗೆಯೂ ಇಲ್ಲ. ನೇಟೋ ಒಕ್ಕೂಟ ಇದನ್ನ ಮಾಡಿಸಿದ್ದಲ್ಲ. 1973ರಲ್ಲಿ ಬ್ರಿಟಿಷ್ ರಕ್ಷಣಾ ಇಲಾಖೆ ಒಂದು ನಮೂನೆ ಹೊರಡಿಸಿತು: 20 ಮಿಲಿಮೀಟರ್ ಅಗಲ, ಬೂದು ಬಣ್ಣ, ನೈಲಾನು. ಸಿಪಾಯಿ ಅದನ್ನ ಪಡೆಯೋಕೆ ಜಿ-10 ಅನ್ನೋ ಅರ್ಜಿ ತುಂಬಬೇಕಿತ್ತು, ಅದಕ್ಕೆ ಜಿ-10 ಅಂತ ಹೆಸರು. ದಾಸ್ತಾನು ಪಟ್ಟಿಯಲ್ಲಿ ಅದಕ್ಕಿದ್ದ ಸಂಖ್ಯೆಗೆ ನೇಟೋ ಸಂಖ್ಯೆ ಅಂತಿದ್ರು, ಅಲ್ಲಿಂದ ಈ ಹೆಸರು. ಜೇಮ್ಸ್ ಬಾಂಡ್ ಕಟ್ಟಿದ್ದು ಅದೇ ಅಂತ ಹೇಳಿ ಪಟ್ಟೆ ಬೆಲ್ಟು ಮಾರ್ತಾರಲ್ಲ, 'ಗೋಲ್ಡ್‌ಫಿಂಗರ್' ಬಂದಿದ್ದು 1964ರಲ್ಲಿ. ಜಿ-10 ಹುಟ್ಟೋಕೆ ಇನ್ನೂ ಒಂಬತ್ತು ವರ್ಷ ಇತ್ತು. ಅದೂ ಅಲ್ಲದೆ ಶಾನ್ ಕಾನರಿಯ ಆ ಬೆಲ್ಟು ವಾಚಿಗಿಂತ ಕಿರಿದು, ಎರಡೂ ಕಡೆ ಪಿನ್ನು ಹಲ್ಲು ಕಿರಿದಂಗೆ ಕಾಣುತ್ತೆ. ಇರಲಿ. ಜಿ-10ರ ನಿಜವಾದ ಬುದ್ಧಿವಂತಿಕೆ ಬಣ್ಣದಲ್ಲಿಲ್ಲ. ಅದು ಒಂದೇ ಪಟ್ಟಿ, ಎರಡೂ ಪಿನ್ನುಗಳ ಹಿಂದಿನಿಂದ ಹಾದು ಹೋಗುತ್ತೆ. ಒಂದು ಪಿನ್ನು ಹಾರಿದ್ರೂ ವಾಚು ಇನ್ನೊಂದರಲ್ಲಿ ನೇತಾಡ್ತಾ ಇರುತ್ತೆ, ಬೀಳಲ್ಲ. ಎರಡು ತುಂಡಿನ ಬೆಲ್ಟಿನಲ್ಲಿ ಒಂದು ಪಿನ್ನು ಹೋಯ್ತು ಅಂದ್ರೆ ಕಥೆ ಮುಗೀತು.

ಕಥೆ ಮುಗಿದದ್ದು ನನಗೆ ಚೆನ್ನಾಗಿ ಗೊತ್ತು. ಈಗ ಹೇಳೇಬಿಡ್ತೀನಿ.

2019ರಲ್ಲಿ ಆಫೀಸಿನ ಕೆಲಸಕ್ಕೆ ಸಿಂಗಾಪುರಕ್ಕೆ ಹೋದಾಗ ನಾನೂ ಒಂದು ಸ್ವಿಸ್ ಡೈವರ್ ಕೊಂಡೆ. ಕಂಪನಿ ಹೆಸರು ಬೇಡ, ಪಾಪ ಅದರದ್ದೇನೂ ತಪ್ಪಿಲ್ಲ. ಸುಮಾರು ಎರಡೂವರೆ ಲಕ್ಷ. ಆ ವರ್ಷದ ಬೋನಸ್ಸು ಪೂರ್ತಿ, ಮೇಲೆ ಸ್ವಲ್ಪ. ಮನೆಯವಳಿಗೆ ಅರ್ಧ ಬೆಲೆ ಹೇಳಿದೆ, ಅಪ್ಪನಿಗೆ ಹೇಳಲೇ ಇಲ್ಲ. ಊರಿಗೆ ಹೋಗುವಾಗ ಬಿಚ್ಚಿಟ್ಟು ಹೋಗ್ತಿದ್ದೆ.

ಆಮೇಲೆ ಬಂತು ನೋಡಿ 2021-22. ಹಳೇ ವಾಚುಗಳ ಬೆಲೆ ಗಗನಕ್ಕೆ. ಅಂಗಡಿಯಲ್ಲಿ ಹೆಸರು ಬರೆಸಿ ಕಾಯಬೇಕು, ಹೊರಗೆ ಕೊಂಡ್ರೆ ಅಂಗಡಿ ಬೆಲೆಗಿಂತ ಜಾಸ್ತಿ. ನಾನು ದಿನಾ ರಾತ್ರಿ ಮಲಗೋ ಮುಂಚೆ ನನ್ನ ವಾಚಿನ ಬೆಲೆ ನೋಡೋಕೆ ಶುರು ಮಾಡಿದೆ, ಅಡಿಕೆ ಧಾರಣೆ ನೋಡೋ ಥರ. 'ಫುಲ್ ಸೆಟ್' ಅನ್ನೋ ಮಂತ್ರ ಕಲಿತೆ: ಪೆಟ್ಟಿಗೆ, ವಾರಂಟಿ ಕಾರ್ಡು, ಬಿಲ್ಲು, ತೆಗೆದಿಟ್ಟ ಚೈನಿನ ಕೊಂಡಿಗಳು, ಎಲ್ಲ ಇದ್ರೆ ಒಂದು ಬೆಲೆ, ಇಲ್ಲದಿದ್ರೆ ಇನ್ನೊಂದು. ಚೈನಿನ ಮೇಲೆ ಗೀರಿಲ್ಲದಿದ್ರೆ ಇನ್ನೂ ಒಳ್ಳೇದು. ಅವತ್ತೇ ಚೈನು ಬಿಚ್ಚಿ ಬೀರುವಿನಲ್ಲಿಟ್ಟೆ. 2022ರ ಮಾರ್ಚ್ ಹೊತ್ತಿಗೆ ಬೆಲೆ ತುದಿ ಮುಟ್ಟಿ ಇಳಿಯೋಕೆ ಶುರುವಾಯ್ತು. ಆದ್ರೆ ಚೈನು ಮಾತ್ರ ಬೀರುವಿನಿಂದ ಹೊರಗೆ ಬರಲಿಲ್ಲ. ಅಭ್ಯಾಸ.

2023ರ ಫೆಬ್ರವರಿ. ಮುರುಡೇಶ್ವರದಿಂದ ದೋಣಿಯಲ್ಲಿ ನೇತ್ರಾಣಿಗೆ ಹೊರಟೆವು. ಹೋಗದೇ ಇದ್ದವರಿಗೆ ಹೇಳ್ತೀನಿ, ದಡದಿಂದ ಇಪ್ಪತ್ತು ಕಿಲೋಮೀಟರಿಗೆ ಚೂರು ಕಮ್ಮಿ, ಸಮುದ್ರದ ಮಧ್ಯೆ ಕಾಡು ಹೊದ್ದುಕೊಂಡ ಒಂದು ಗುಡ್ಡ, ಸುತ್ತ ಹವಳ, ಬಣ್ಣಬಣ್ಣದ ಮೀನು. ಕನ್ನಡನಾಡಿನಲ್ಲಿ ಇಂಥದ್ದೊಂದು ಜಾಗ ಇದೆ ಅನ್ನೋದೇ ಎಷ್ಟೋ ಜನಕ್ಕೆ ಗೊತ್ತಿಲ್ಲ. ಮುಳುಗೋಕೆ ಕಲಿತು ಅಷ್ಟು ಹೊತ್ತಿಗೆ ಎರಡು ವರ್ಷ ಆಗಿತ್ತು. ಆವತ್ತು ಮೊದಲ ಸಲ ಆ ವಾಚನ್ನ ಸಮುದ್ರಕ್ಕೆ ಕರ್ಕೊಂಡು ಹೋಗಿದ್ದೆ. ಹೆಮ್ಮೆಯಿಂದಲೇ. ಆದ್ರೆ ಚೈನು ಹಾಕಿರಲಿಲ್ಲ, ಸಿಲಿಂಡರಿಗೆ ತಾಗಿ ಗೀರು ಬಿದ್ರೆ? ಅದಕ್ಕೋಸ್ಕರ ಆನ್‌ಲೈನಲ್ಲಿ ಒಂದು ಎರಡು ತುಂಡಿನ ರಬ್ಬರ್ ಬೆಲ್ಟು ತರಿಸಿದ್ದೆ. ಕಡುನೀಲಿ, ಡಯಲಿಗೆ ಮ್ಯಾಚಿಂಗು. ಪಿನ್ನಿಗೆ ಒಂದು ಪುಟ್ಟ ಗುಂಡಿ, ಉಗುರಿನಿಂದ ಎಳೆದ್ರೆ ಬಿಚ್ಚಿಕೊಳ್ಳುತ್ತೆ, ಸಲಕರಣೆ ಬೇಡ. ದಿನಕ್ಕೊಂದು ಬೆಲ್ಟು ಬದಲಾಯಿಸೋರಿಗೆ ಅನುಕೂಲ ಆಗಲಿ ಅಂತ ಮಾಡಿದ್ದು.

ಉಗುರಿನಿಂದ ಎಳೆದ್ರೆ ಬಿಚ್ಚಿಕೊಳ್ಳೋದು ಇನ್ನೇನರಿಂದ ಎಳೆದ್ರೂ ಬಿಚ್ಚಿಕೊಳ್ಳುತ್ತೆ ಅಂತ ಹೊಳೀಲಿಲ್ಲ.

ದೋಣಿಯ ಅಂಚಿನಿಂದ ಹಿಮ್ಮುಖವಾಗಿ ಬಿದ್ದೆ. ಎಡಗೈ ಯಾವುದಕ್ಕೋ, ಹಗ್ಗಕ್ಕೋ ಜಾಕೆಟ್ಟಿನ ಪಟ್ಟಿಗೋ, ತಾಗಿದ್ದು ನೆನಪಿದೆ. ಹತ್ತು ಮೀಟರ್ ಇಳಿದ ಮೇಲೆ ಹೊತ್ತು ನೋಡೋಣ ಅಂತ ಕೈ ಎತ್ತಿದ್ರೆ ಮಣಿಕಟ್ಟು ಬೋಳು. ಬಿಳೀ ಗುರುತು ಮಾತ್ರ. ಜೊತೆಗಿದ್ದ ಹುಡುಗನಿಗೆ ಮಣಿಕಟ್ಟು ತೋರಿಸಿ ತೋರಿಸಿ ಸನ್ನೆ ಮಾಡಿದೆ. ಅವನು ನಾನು ಟೈಮ್ ಕೇಳ್ತಿದೀನಿ ಅಂದ್ಕೊಂಡು ತನ್ನ ಕಂಪ್ಯೂಟರ್ ತೋರಿಸಿ ಎಲ್ಲ ಸರಿ ಇದೆ ಅಂತ ಬೆರಳು ಮಡಚಿದ. ಈಗ ನಗು ಬರುತ್ತೆ. ಆಗ ನೀರೊಳಗೆ ಅಳು ಬರುತ್ತಾ ಇಲ್ವಾ ಅಂತ ಪರೀಕ್ಷೆ ಮಾಡಿದೆ. ಬರುತ್ತೆ, ಮುಖವಾಡ ಮಬ್ಬಾಗುತ್ತೆ.

ಎರಡನೇ ಸಲ ಇಳಿದಾಗ ಆ ಹುಡುಗರು ಪಾಪ ನನಗೋಸ್ಕರ ಬಂಡೆ ಸಂದಿ ಸಂದಿ ಹುಡುಕಿದರು. ಸಿಗಲಿಲ್ಲ. ಈಗಲೂ ಅಲ್ಲೇ ಎಲ್ಲೋ ಇದೆ. ಎರಡು ದಿನ ಓಡಿ ನಿಂತಿರುತ್ತೆ. ಅದನ್ನ ಮಾಡಿದ್ದು ಯಾವ ಜಾಗಕ್ಕೋ ಅಲ್ಲಿಗೇ ಹೋಗಿ ಸೇರಿದೆ, ನನ್ನ ಕೈಯಿಂದ ತಪ್ಪಿಸಿಕೊಂಡು.

ಮನೆಗೆ ಬಂದು ಬೀರು ತೆಗೆದೆ. ಪೆಟ್ಟಿಗೆ ಇದೆ. ವಾರಂಟಿ ಕಾರ್ಡು ಇದೆ. ಸಿಂಗಾಪುರದ ಬಿಲ್ಲು ಇದೆ. ಹೆಚ್ಚುವರಿ ಕೊಂಡಿ ಮೂರೂ ಇದೆ. ಒಂದು ಗೀರೂ ಇಲ್ಲದ, ಫಳಫಳ ಹೊಳೆಯೋ ಚೈನು ಇದೆ. ಫುಲ್ ಸೆಟ್! ವಾಚೊಂದು ಇಲ್ಲ.

ಆವತ್ತು ರಾತ್ರಿ ನಿಜವಾದ ಬೆಲೆಯನ್ನೂ ಹೇಳಿದೆ. ಅವಳು ತುಂಬಾ ಹೊತ್ತು ಮಾತಾಡಲಿಲ್ಲ. ಆಮೇಲೆ, "ರೀ, ಆ ಚೈನನ್ನ ನನಗಾದ್ರೂ ಬಳೆ ಮಾಡಿಸಿಕೊಡಿ, ಗೀರು ಬೀಳೋ ಥರ ಹಾಕ್ಕೋತೀನಿ" ಅಂದಳು. ಬೈದಿದ್ರೇ ಚೆನ್ನಾಗಿತ್ತು.

"ನನ್ನ ದುಡ್ಡು, ನನ್ನ ವಾಚು, ಬೀರುವಿನಲ್ಲಾದ್ರೂ ಇಟ್ಕೋತೀನಿ, ನಿನಗೇನು?" ಅಂತ ಗೆಳೆಯ ಕೇಳಬಹುದು. ಕೇಳೇ ಕೇಳ್ತಾನೆ. ಹೌದಪ್ಪ, ನನಗೇನಿಲ್ಲ. ಆದ್ರೆ ಅದು ನಿನ್ನ ವಾಚು ಅಂತ ನೀನೇ ಒಪ್ಪಿಲ್ವಲ್ಲ! ಗೀರು ಬಿದ್ರೆ ನಾಳೆ ಬರೋ ಯಾರಿಗೋ ಬೇಜಾರಾಗುತ್ತೆ ಅಂತ ಇವತ್ತು ನೀನು ಕೈ ತೊಳೆಯೋಕೆ ಹೆದರ್ತಿದೀಯ. ಅಲ್ಲಿಗೆ ಯಜಮಾನ ಯಾರು?

ನಮ್ಮಪ್ಪನದು ಎಚ್‌ಎಂಟಿ ಜನತಾ. ಸಿಟಿಜನ್ ಕಂಪನಿ ಕೈಜೋಡಿಸಿ 1961ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಕಾರ್ಖಾನೆಯ ಮಾಲು. ಆ ಕಂಪನಿಯನ್ನೇ 2016ರಲ್ಲಿ ಸರ್ಕಾರ ಮುಚ್ಚೋ ತೀರ್ಮಾನ ಮಾಡ್ತು. ಅಪ್ಪನ ವಾಚು ಇನ್ನೂ ನಡೀತಾ ಇದೆ. ದಿನಾ ಬೆಳಿಗ್ಗೆ ಕಾಫಿ ಕುಡಿದು ಕೀ ಕೊಡ್ತಾರೆ. ಅದು ನೀರಿನ ವಾಚಲ್ಲ, ಅಪ್ಪ ಸ್ನಾನಕ್ಕೆ ಹೋಗೋ ಮುಂಚೆ ಮೊಳೆಗೆ ನೇತು ಹಾಕ್ತಾರೆ, ಅದು ಸರಿಯೇ. ನಾನು ಹೇಳಬೇಕು ಅಂತಿದ್ದುದು ಬೆಲ್ಟಿನ ವಿಷಯ. ಪ್ರತಿ ವರ್ಷ ಮೃಗಶಿರಾ ಮಳೆ ಹಿಡಿಯೋ ಮುಂಚೆ ಅಪ್ಪ ಸಾಗರದ ಬಸ್ ಸ್ಟ್ಯಾಂಡ್ ಹತ್ತಿರದ ರಿಪೇರಿ ಅಂಗಡಿಗೆ ಹೋಗಿ ಚರ್ಮದ ಬೆಲ್ಟು ತೆಗೆಸಿ ನೈಲಾನ್ ಬೆಲ್ಟು ಹಾಕಿಸ್ಕೊಂಡು ಬರ್ತಿದ್ರು. ಮಲೆನಾಡಿನ ಮಳೇಲಿ ಚರ್ಮಕ್ಕೆ ಬೂಸಲು ಹಿಡಿಯುತ್ತೆ, ಕೈ ತುರಿಕೆ ಬರುತ್ತೆ. ದಸರಾ ಕಳೆದ ಮೇಲೆ ಮತ್ತೆ ಚರ್ಮ. ಹಾಕಿಸುವಾಗಲೆಲ್ಲ "ಹಳೇ ಕಡ್ಡಿ ಬೇಡ, ಹೊಸದು ಹಾಕಪ್ಪ" ಅಂತ ಅಂಗಡಿಯವನಿಗೆ ಹೇಳೋರು. ವರ್ಷಕ್ಕೆ ಎರಡು ಬೆಲ್ಟು, ನಾಲ್ಕು ಪಿನ್ನು. ಬಣ್ಣ ಯಾವುದು ಅಂತ ಕೇಳಿದ್ದು ನಾನು ನೋಡಿಲ್ಲ. ಎರಡೂವರೆ ಲಕ್ಷದ ವಾಚಿನವನಿಗೆ ಹೊಳೆಯದ ವಿಷಯ ಅಪ್ಪನಿಗೆ ಮಳೆ ನಕ್ಷತ್ರ ನೋಡಿದ್ರೆ ಹೊಳೀತಿತ್ತು.

ಬೆಲ್ಟು ಆರಿಸೋರು ಕೇಳಿಸ್ಕೊಳ್ಳಿ ಹಾಗಾದ್ರೆ, ನಾನು ದುಡ್ಡು ಕೊಟ್ಟು ಕಲಿತದ್ದು. ಮೊದಲು ಪಿನ್ನು ನೋಡಿ. ಸೀಕೋ ಡೈವರುಗಳಲ್ಲಿ ಪಿನ್ನು 2.5 ಮಿಲಿಮೀಟರ್ ದಪ್ಪ ಇರುತ್ತೆ. ಹೊರಗಿನ ಎಷ್ಟೋ ಬೆಲ್ಟುಗಳ ಜೊತೆ ಬರೋ ಪಿನ್ನು ಅದಕ್ಕಿಂತ ತೆಳು. ವಾಚಿನ ಕೊಂಬುಗಳ ನಡುವಿನ ಅಗಲ 20 ಇದ್ರೆ 20ರ ಬೆಲ್ಟೇ ಬೇಕು, 19 ಹಾಕಿ ಅಡ್ಜಸ್ಟ್ ಮಾಡ್ಕೋಬೇಡಿ. ಸಿಲಿಕಾನು ಮೆತ್ತಗಿರುತ್ತೆ ನಿಜ, ಜೇಬಿನ ದೂಳು ನೂಲೆಲ್ಲ ಅದಕ್ಕೇ ಅಂಟುತ್ತೆ, ಬೇಗ ಹರಿಯುತ್ತೆ. ಫ್ಲೋರೋ ರಬ್ಬರು ಬೆವರಿಗೂ ಎಣ್ಣೆಗೂ ಜಗ್ಗಲ್ಲ ಅಂತ ಎಲ್ಲರೂ ಅದರ ಹಿಂದೆ ಬಿದ್ದಿದ್ರು. 2024ರ ಡಿಸೆಂಬರಿನಲ್ಲಿ ಅಮೆರಿಕದ ನೊಟ್ರಡೇಮ್ ವಿಶ್ವವಿದ್ಯಾಲಯದವರು 22 ವಾಚ್ ಬೆಲ್ಟುಗಳನ್ನ ಪರೀಕ್ಷಿಸಿ, ಅಂಥ ರಬ್ಬರಿನ ಹಲವು ಬೆಲ್ಟುಗಳಲ್ಲಿ ಪಿಎಫ್‌ಎಎಸ್ ಗುಂಪಿನ ಒಂದು ರಾಸಾಯನಿಕ ಸಿಕ್ಕಿತು ಅಂತ ಪ್ರಕಟಿಸಿದ ಮೇಲೆ ನಾನಂತೂ ದಿನವಿಡೀ ಅದನ್ನ ಕಟ್ಟೋದು ಬಿಟ್ಟೆ. ಸಮುದ್ರಕ್ಕೆ ಒಂದೇ ಪಟ್ಟಿಯ ನೈಲಾನು. ಇಲ್ಲವೇ ವಾಚಿನ ಜೊತೆ ಬಂದ ಅದರದೇ ಚೈನು, ಗೀರು ಬಿದ್ರೆ ಬೀಳಲಿ. ಏನೇ ಕಟ್ಟಿದ್ರೂ ವಾಪಸ್ ಬಂದು ಸಿಹಿನೀರಲ್ಲಿ ಅದ್ದಿ ತೊಳೀಬೇಕು, ಉಪ್ಪು ಪಿನ್ನಿನ ಸ್ಪ್ರಿಂಗನ್ನ ಒಳಗಿಂದ ತಿನ್ನುತ್ತೆ.

ಗೆಳೆಯಾ, ಓದ್ತಾ ಇದೀಯಲ್ಲ? ಈ ಅಕ್ಟೋಬರಿನಲ್ಲಿ ಮಳೆ ನಿಂತ ಮೇಲೆ ಮತ್ತೆ ನೇತ್ರಾಣಿಗೆ ಹೊರಟಿದೀವಿ. ದೋಣೀಲಿ ಒಂದು ಜಾಗ ನಿನಗೆ ಹಿಡಿದಿಟ್ಟಿದೀನಿ. ಸೀಮಾಸ್ಟರ್ ಹಾಕ್ಕೊಂಡು ಬಾ, ಚೈನಿನ ಸಮೇತ. ಹೆದರಿಕೆ ಆದ್ರೆ ನನ್ನ ಹತ್ತಿರ ಒಂದು ಬೂದು ನೈಲಾನ್ ಪಟ್ಟಿ ಹೆಚ್ಚಿಗೆ ಇದೆ, ಆರುನೂರು ರೂಪಾಯಿದು, ಕೊಡ್ತೀನಿ. ನನ್ನ ಕೈಲಿ ಈಗ ಹಳೇ ಸೀಕೋ ಎಸ್‌ಕೆಎಕ್ಸ್, 2008ರಲ್ಲಿ ಕೊಂಡಿದ್ದು, ಗಾಜಿನ ತುಂಬಾ ಗೀರು. ಹೋದ ವಾರ ಈಜುಕೊಳದಿಂದ ಬಂದು ಅದರ ಬೆಲ್ಟು ತೊಳೆದು ಬಾಲ್ಕನಿಯ ಹಗ್ಗದ ಮೇಲೆ ಮಗಳ ಯೂನಿಫಾರ್ಮಿನ ಪಕ್ಕ ಒಣಗಿ ಹಾಕಿದ್ದೆ. ಕೆಲಸಕ್ಕೆ ಬರೋ ಅಕ್ಕ ಅದನ್ನೂ ಬಟ್ಟೆ ಜೊತೆ ಮಡಚಿ ಇಟ್ಟಿದ್ರು :-)